ತೀರ್ಮಾನ ಮಾಡೋಕೆ ತಾನೇ ನಿಮ್ಮನ್ನ ಆರಿಸಿದ್ದು?

ಇವತ್ತು ತರಕಾರಿ ತರೋಕೆ ಹೋದರೆ ಅಂಗಡಿ ಬಾಗಿಲಲ್ಲೇ ಒಬ್ಬ ಹುಡುಗ ಅಡ್ಡ ಹಾಕಿದ. ಕೈಯಲ್ಲಿ ಕ್ಲಿಪ್‌ಬೋರ್ಡ್, ಅದರ ತುಂಬ ಬಣ್ಣ ಬಣ್ಣದ ಕಾಗದ. "ಮಕ್ಕಳಿಗೋಸ್ಕರ ಒಂದು ಸಹಿ ಹಾಕಿ ಮೇಡಂ" ಅಂದ. ಯಾವ ಮಕ್ಕಳಪ್ಪಾ, ಏನು ಮಾಡ್ತೀರಾ ಅವರಿಗೆ ಅಂತ ಕೇಳಿದೆ. ಅವನಿಗೂ ಸರಿಯಾಗಿ ಗೊತ್ತಿಲ್ಲ. ಕೊಡು, ಓದಿ ನೋಡ್ತೀನಿ ಅಂದೆ. ಪಾಪ, ಮುಖ ಸಪ್ಪಗಾಯಿತು. ನಾನು ಓದುತ್ತಾ ನಿಂತರೆ ಅಷ್ಟರಲ್ಲಿ ಹತ್ತು ಜನ ಒಳಗೆ ಹೋಗಿಬಿಡ್ತಾರೆ. ಅವನಿಗೆ ದುಡ್ಡು ಸಿಗೋದು ಸಹಿಗೆ ಇಷ್ಟು ಅಂತ. ಆಮೇಲೆ ಮಾತಿಗೆ ಸಿಕ್ಕಿದ. ಅರಿಝೋನಾದವನಂತೆ. ಕ್ಯಾಲಿಫೋರ್ನಿಯಾದಲ್ಲಿ ಅವನಿಗೆ ವೋಟೇ ಇಲ್ಲ. ಆದರೆ ಅವನ ಕೈಯಲ್ಲಿರೋ ಕಾಗದ ನಾಳೆ ನಮ್ಮ ಕಾನೂನಾಗಬಹುದು. 2026ರ ಲೆಕ್ಕದಲ್ಲಿ 5,46,651 ಸಹಿ ಸಿಕ್ಕರೆ ಆ ಕಾನೂನು ಬೇಕಾ ಬೇಡವಾ ಅನ್ನೋ ಪ್ರಶ್ನೆ ಬ್ಯಾಲಟ್‌ಗೆ ಬರುತ್ತೆ, ಜನ ವೋಟ್ ಹಾಕಿ ತೀರ್ಮಾನ ಮಾಡ್ತಾರೆ. 8,74,641 ಸಿಕ್ಕರೆ ರಾಜ್ಯದ ಸಂವಿಧಾನವನ್ನೇ ತಿದ್ದೋ ಪ್ರಶ್ನೆ ಬರುತ್ತೆ.

ಹುಡುಗನ ಮೇಲೆ ನನಗೇನೂ ಸಿಟ್ಟಿಲ್ಲ, ಅವನದು ಹೊಟ್ಟೆಪಾಡು. ಸಿಟ್ಟು ಇರೋದು ಈ ಇಡೀ ಏರ್ಪಾಡಿನ ಮೇಲೆ. 2026ರ ನವೆಂಬರ್‌ಗೆ 2025ರಲ್ಲೇ ಕಾಗದ ರೆಡಿ ಆಗೋಕೆ ಶುರುವಾಯಿತು. ನನಗೆ 2024ರದ್ದೇ ಇನ್ನೂ ಅರಗಿಲ್ಲ.

ಆ ನವೆಂಬರ್‌ನಲ್ಲಿ ಊರಿಂದ ಯಾರು ಫೋನ್ ಮಾಡಿದರೂ ಒಂದೇ ಪ್ರಶ್ನೆ. ಟ್ರಂಪಾ, ಕಮಲಾನಾ? ಅಯ್ಯೋ, ಅದಕ್ಕೆ ಅರ್ಧ ನಿಮಿಷ ಸಾಕು. ಉಳಿದಿದ್ದು ಕೇಳಿ. ರಾಜ್ಯದ್ದು 10 ಪ್ರಾಪೊಸಿಷನ್, ಅಂದರೆ ಜನರೇ ವೋಟ್ ಹಾಕಿ ತೀರ್ಮಾನ ಮಾಡಬೇಕಾದ ಪ್ರಶ್ನೆ. ಚಿಕ್ಕದಾಗಿ ಪ್ರಾಪ್ ಅಂತಾರೆ. ನಮ್ಮ ಸ್ಯಾನ್ ಫ್ರಾನ್ಸಿಸ್ಕೋ ಊರಿನದ್ದು ಬೇರೆ 15, ಎ ಇಂದ ಓ ತನಕ. ಒಟ್ಟು 25 ಪ್ರಶ್ನೆ, ಎಲ್ಲಕ್ಕೂ ಹೌದು ಅಥವಾ ಇಲ್ಲ ಅಷ್ಟೇ. ಇದರ ಜೊತೆಗೆ ಮೇಯರ್ ಹುದ್ದೆಗೆ 13 ಜನ. ಅವರಿಗೆ ಒಂದು, ಎರಡು, ಮೂರು ಅಂತ ರ‍್ಯಾಂಕ್ ಬೇರೆ ಕೊಡಬೇಕು. ಸ್ಕೂಲ್ ಬೋರ್ಡ್, ಕಾಲೇಜ್ ಬೋರ್ಡ್ ಕೂಡ ಇವೆ. ಬ್ಯಾಲಟ್ ಮನೆಗೇ ಪೋಸ್ಟ್‌ನಲ್ಲಿ ಬರುತ್ತೆ, ಜೊತೆಗೆ ಓದೋಕೆ ಅಂತ ಪುಸ್ತಕ. ರಾಜ್ಯದ್ದೊಂದು, ಊರಿನದ್ದೊಂದು. ಊರಿನ ಪುಸ್ತಕದಲ್ಲಿ ಪದಕ್ಕೆ ಇಷ್ಟು ಅಂತ ದುಡ್ಡು ಕಟ್ಟಿದರೆ ನಿಮ್ಮ ವಾದವನ್ನೂ ಅಚ್ಚು ಹಾಕ್ತಾರೆ. ನೋಡಿದ್ರಾ, ಪ್ರಜಾಪ್ರಭುತ್ವದಲ್ಲೂ ಕ್ಲಾಸಿಫೈಡ್ಸ್ ಇದೆ.

ನಮ್ಮಪ್ಪ ಮೇಷ್ಟ್ರಾಗಿದ್ದಾಗ ಎಲೆಕ್ಷನ್ ಡ್ಯೂಟಿಗೆ ಹಿಂದಿನ ದಿನವೇ ಪೆಟ್ಟಿಗೆ ಹೊತ್ತು ಹೋಗಿ, ಯಾವುದೋ ಹಳ್ಳಿ ಶಾಲೆಯ ನೆಲದ ಮೇಲೆ ಮಲಗ್ತಿದ್ದರು. ಬೆಳಗ್ಗೆ ಜನ ಬರೋರು, ಚಿಹ್ನೆ ನೋಡೋರು, ಠಸ್ಸೆ ಒತ್ತೋರು, ಹೋಗೋರು. ಆಮೇಲೆ ಐದು ವರ್ಷ ಗೆದ್ದವನನ್ನ ಬೈಕೊಂಡು ಇರೋದು. ಆರಾಮ. ನಾನು ಇಲ್ಲಿ ಡೈನಿಂಗ್ ಟೇಬಲ್ ಮೇಲೆ ಅಷ್ಟೆಲ್ಲ ಹರಡಿಕೊಂಡು, ಬಾಂಡ್ ಅಂದರೇನು, ಬಡ್ಡಿ ಯಾರು ಕಟ್ಟಬೇಕು, ಫೈರ್ ಇಲಾಖೆಯವರ ಪಿಂಚಣಿ ವಯಸ್ಸು ಎಷ್ಟಿರಬೇಕು ಅಂತ ಲೆಕ್ಕ ಹಾಕ್ತಿದ್ದೆ. ಪಿಂಚಣಿ ವಯಸ್ಸು! ನನ್ನ ರಿಟೈರ್‌ಮೆಂಟ್ ಲೆಕ್ಕವೇ ನನಗೆ ಗೊತ್ತಿಲ್ಲ.

ನನ್ನ ತಕರಾರು ಇಷ್ಟೇ. ಇದನ್ನೆಲ್ಲ ಕೂತು ಓದಿ, ತಿಳಿದವರನ್ನ ಕೇಳಿ, ಜಗಳ ಆಡಿ, ತಿದ್ದಿ ತೀರ್ಮಾನ ಮಾಡಿ ಅಂತ ನಾವು ಸಂಬಳ ಕೊಟ್ಟು ಜನರನ್ನ ಇಟ್ಟಿದೀವಿ. ಊರಿಗೆ 11 ಜನ ಸೂಪರ್‌ವೈಸರ್‌ಗಳಿದ್ದಾರೆ. ನಮ್ಮ ಕಡೆಯ ಕಾರ್ಪೊರೇಟರ್ ಇದ್ದ ಹಾಗೆ, ಆದರೆ ಅಧಿಕಾರ ಜಾಸ್ತಿ. ಅವರು ಮಾಡಬೇಕಾದ ಕೆಲಸವನ್ನ ನನ್ನ ಟೇಬಲ್ ಮೇಲೆ ತಂದು ಹಾಕಿ ಹೋದರೆ ಹೇಗೆ?

ಪ್ರಾಪ್ ಕೆ ತಗೊಳ್ಳಿ. ನಾನಿರೋದು ಊರಿನ ಪಶ್ಚಿಮದ ಸನ್‌ಸೆಟ್ ಬಡಾವಣೆಯಲ್ಲಿ ಅಂತ ನಿಮಗೆಲ್ಲ ಗೊತ್ತು. ಮಂಜು, ಮರಳು, ಸಮುದ್ರ, ಬಂದವರೆಲ್ಲ ಫೋಟೋ ತೆಗೆದುಕೊಂಡು ಚಳಿಗೆ ಓಡಿ ಹೋಗೋ ಜಾಗ. ಸಮುದ್ರದ ಪಕ್ಕ ಗ್ರೇಟ್ ಹೈವೇ ಅಂತ ರಸ್ತೆ. 2020ರಲ್ಲಿ ಕೋವಿಡ್ ಅಂತ ಕಾರುಗಳನ್ನ ನಿಲ್ಲಿಸಿದರು. 2021ರಿಂದ ವಾರದ ದಿನ ಕಾರು, ವೀಕೆಂಡ್‌ನಲ್ಲಿ ಜನ ಅಂತ ಒಂದು ರಾಜಿ ನಡೀತಿತ್ತು. ನಡೀತಿತ್ತು ಅಂದರೆ ಎರಡೂ ಕಡೆಯವರು ಸಮನಾಗಿ ಗೊಣಗ್ತಿದ್ದರು. ಅದು ಒಳ್ಳೆಯ ರಾಜಿಯ ಲಕ್ಷಣ ಅಲ್ವಾ?

ಊರಲ್ಲಿ ಒಂದು ನಿಯಮ ಇದೆ. 11 ಜನರಲ್ಲಿ ಬರೀ 4 ಜನ ಸೂಪರ್‌ವೈಸರ್‌ಗಳು ಸಹಿ ಹಾಕಿದರೆ ಸಾಕು, ಪ್ರಶ್ನೆ ನೇರ ಬ್ಯಾಲಟ್‌ಗೆ ಹೋಗುತ್ತೆ. ಸಭೆಯಲ್ಲಿ ಪಾಸ್ ಮಾಡಿಸೋಕೆ 6 ಜನ ಬೇಕು. ಅದಕ್ಕೆ ಉಳಿದವರನ್ನ ಒಪ್ಪಿಸಬೇಕು, ಬಡಾವಣೆಯವರನ್ನ ಕರೆದು ಕೂರಿಸಬೇಕು, ಟ್ರಾಫಿಕ್ ಯಾವ ಗಲ್ಲಿಗೆ ನುಗ್ಗುತ್ತೆ ಅಂತ ಉತ್ತರ ಕೊಡಬೇಕು. 4 ಸಹಿ ಅಂದರೆ ಆ ಕಷ್ಟ ಯಾವುದೂ ಇಲ್ಲ. ಆಗ ನಮ್ಮ ಸೂಪರ್‌ವೈಸರ್ ಆಗಿದ್ದ ಜೋಯಲ್ ಎಂಗಾರ್ಡಿಯೋ ಮತ್ತೆ ಉಳಿದ ಕೆಲವರು ಅದನ್ನೇ ಮಾಡಿದರು. ರಸ್ತೆಯನ್ನ ಕಾರುಗಳಿಗೆ ಕಾಯಂ ಮುಚ್ಚಬೇಕಾ? ಹೌದು ಅಥವಾ ಇಲ್ಲ. ವಾರದ ದಿನ ಬಿಡಿ, ಭಾನುವಾರ ಮುಚ್ಚಿ ಅನ್ನೋಕೆ ಜಾಗವೇ ಇಲ್ಲ. ಮೊದಲು ಪಕ್ಕದ ರಸ್ತೆಗೆ ಸಿಗ್ನಲ್ ಹಾಕಿ, ಆಮೇಲೆ ನೋಡೋಣ ಅನ್ನೋಕೂ ಇಲ್ಲ.

ಸುಮಾರು ಶೇ 55 ಹೌದು ಅಂತ ಬಂತು. ಆದರೆ ಹೌದು ಅಂದಿದ್ದು ಬಹುಪಾಲು ಊರಿನ ಪೂರ್ವದ ಕಡೆಯವರು. ಆ ರಸ್ತೆಯಲ್ಲಿ ದಿನಾ ಓಡಾಡೋ ಪಶ್ಚಿಮದ ಬಡಾವಣೆಗಳು ಇಲ್ಲ ಅಂದವು. (ನಾನು ಯಾವುದಕ್ಕೆ ಗುರುತು ಹಾಕಿದೆ ಅಂತ ಹೇಳಲ್ಲ. ನಮ್ಮ ಪಕ್ಕದ ಮನೆಯವರು ಟ್ರಾನ್ಸ್‌ಲೇಟ್ ಬಟನ್ ಒತ್ತಿ ನನ್ನ ಪೋಸ್ಟೆಲ್ಲ ಓದ್ತಾರೆ.) ಈಗ ಅಲ್ಲಿ ಸನ್‌ಸೆಟ್ ಡ್ಯೂನ್ಸ್ ಅಂತ ಪಾರ್ಕ್. ಚೆನ್ನಾಗಿಯೇ ಇದೆ, ಹಾಳಾದ್ದು. ಸಂಜೆ ಹೊತ್ತು ನಾನೂ ಹೋಗಿ ಬೆಂಚಿನ ಮೇಲೆ ಕೂತು ಕಡಲೆಕಾಯಿ ತಿಂದು ಬರ್ತೀನಿ. ಅದೇ ನನಗೆ ಇನ್ನೂ ಸಿಟ್ಟು ಬರಿಸೋದು.

ಆಮೇಲೆ ಏನಾಯಿತು ಗೊತ್ತಲ್ಲ? 2025ರ ಸೆಪ್ಟೆಂಬರ್ 16ಕ್ಕೆ ರೀಕಾಲ್, ಅಂದರೆ ಗೆದ್ದವರನ್ನ ಅವಧಿ ಮುಗಿಯೋ ಮೊದಲೇ ವೋಟ್ ಹಾಕಿ ಇಳಿಸೋದು. ನಮ್ಮ ಬಡಾವಣೆಯವರು ಎಂಗಾರ್ಡಿಯೋ ಅವರನ್ನ ಕುರ್ಚಿಯಿಂದ ಇಳಿಸಿಬಿಟ್ಟರು. ಸುಮಾರು ಶೇ 63 ಜನ ಇಳೀರಿ ಅಂದರು. 2022ರಲ್ಲಿ ಸ್ಕೂಲ್ ಬೋರ್ಡಿನವರನ್ನ ರೀಕಾಲ್ ಮಾಡಿದಾಗ ಅದರ ಪರ ಓಡಾಡಿದ್ದವರೇ ಈ ಎಂಗಾರ್ಡಿಯೋ, ಆ ಮಾತು ಬಿಡಿ. ನಾನು ಹೇಳೋದು ಬೇರೆ. ರಸ್ತೆ ಮುಚ್ಚಿದ್ದು ಇಡೀ ಊರು. ಶಿಕ್ಷೆ ಆಗಿದ್ದು ಒಬ್ಬನಿಗೆ. ಯಾಕೆ ಅಂದರೆ ಆತನಿಗೆ ಮಾತ್ರ ಮುಖ ಇತ್ತು, ಹೆಸರಿತ್ತು, ಆಫೀಸಿತ್ತು. ಅಭ್ಯರ್ಥಿ ಅಂದರೆ ನಾಳೆ ಸಿಕ್ಕಾಗ ಅಡ್ಡ ಹಾಕಿ ಕೇಳಬಹುದು. ಪ್ರಾಪ್ ಕೆ ಅನ್ನೋದನ್ನ ಎಲ್ಲಿ ಹಿಡಿದು ಕೇಳೋಣ? ಪಾರ್ಕ್‌ಗೆ ಹೋಗಿ ಮರಳನ್ನ ಬೈಯ್ಯೋದಾ?

ಇನ್ನೂ ಮಜಾ ಬೇಕಾ? ಎಲ್ ಮತ್ತು ಎಂ. ಪ್ರಾಪ್ ಎಲ್ ಅಂದರೆ ಊಬರ್, ಲಿಫ್ಟ್, ವೇಮೋ ತರದ ಆ್ಯಪ್ ಟ್ಯಾಕ್ಸಿಯವರ ಮೇಲೆ ತೆರಿಗೆ ಹಾಕಿ ಆ ದುಡ್ಡನ್ನ ಊರಿನ ಮ್ಯೂನಿ ಬಸ್ಸಿಗೆ ಕೊಡೋದು. ಪ್ರಾಪ್ ಎಂ ಅಂದರೆ ಊರಿನ ವ್ಯಾಪಾರ ತೆರಿಗೆಯನ್ನೆಲ್ಲ ತಿದ್ದೋದು. ಎಲ್‌ಗೆ ಅರ್ಧಕ್ಕಿಂತ ಎಷ್ಟೋ ಜಾಸ್ತಿ, ಹತ್ತಿರ ಹತ್ತಿರ ಶೇ 57 ಜನ ಹೌದು ಅಂದರು. ಗೆದ್ದಿತು ಅಂದ್ಕೊಂಡ್ರಾ? ಇಲ್ಲ. ಎಂ ಒಳಗೆ ಒಂದು ಷರತ್ತು ಇತ್ತು. ಎರಡೂ ಪಾಸಾಗಿ ಎಂಗೆ ಜಾಸ್ತಿ ವೋಟ್ ಬಿದ್ದರೆ ಎಲ್ ಬಿದ್ದು ಹೋಗುತ್ತೆ ಅಂತ. ಎಂಗೆ ಜಾಸ್ತಿ ಬಿತ್ತು. ಮುಗೀತು ಕಥೆ. ಬಸ್ಸಿಗೆ ದುಡ್ಡು ಕೊಡಿ ಅಂತ ಜನ ಬಹುಮತದಲ್ಲಿ ಹೇಳಿದರು, ಬಸ್ಸಿಗೆ ಆ ದುಡ್ಡು ಬರಲಿಲ್ಲ. ಎರಡಕ್ಕೂ ಹೌದು ಅಂದವರಲ್ಲಿ ಎಷ್ಟು ಜನ ತಮ್ಮ ಒಂದು ಹೌದು ಇನ್ನೊಂದು ಹೌದನ್ನ ತಿಂದು ಹಾಕುತ್ತೆ ಅಂತ ತಿಳಿದು ಗುರುತು ಹಾಕಿದ್ದರು? ಇದಕ್ಕೆ ಜನರ ತೀರ್ಪು ಅಂತ ಹೆಸರು.

ರಾಜ್ಯದ್ದೂ ಇದೇ ಹಣೆಬರಹ. ಪ್ರಾಪ್ 33 ಬಾಡಿಗೆ ನಿಯಂತ್ರಣದ್ದು. 1995ರ ಒಂದು ರಾಜ್ಯದ ಕಾನೂನು ಊರುಗಳ ಕೈ ಕಟ್ಟಿ ಹಾಕಿದೆ, ಅದನ್ನ ತೆಗೀಬೇಕು ಅಂತ. ನಾವು ಬಾಡಿಗೆಯವರು, ನನಗೆ ಇದರ ಬಿಸಿ ಗೊತ್ತು. ಅದಕ್ಕೆ ದುಡ್ಡು ಹಾಕಿದ್ದು ಏಡ್ಸ್ ಹೆಲ್ತ್‌ಕೇರ್ ಫೌಂಡೇಷನ್ ಅನ್ನೋ ಸಂಸ್ಥೆ. 2018ರಲ್ಲೂ 2020ರಲ್ಲೂ ಬಾಡಿಗೆ ವಿಷಯಕ್ಕೆ ದುಡ್ಡು ಸುರಿದು ಸೋತಿದ್ದರು. ಈ ಸಲ ಅದರ ಪಕ್ಕದಲ್ಲೇ ಪ್ರಾಪ್ 34 ಬಂದು ಕೂತಿತು. ಶೀರ್ಷಿಕೆ ಓದಿದರೆ ಔಷಧಿಯಿಂದ ಬಂದ ದುಡ್ಡನ್ನ ಆರೋಗ್ಯ ಸಂಸ್ಥೆಗಳು ರೋಗಿಗಳಿಗೇ ಖರ್ಚು ಮಾಡಬೇಕು ಅನ್ನೋ ಅರ್ಥ. ಯಾರು ಬೇಡ ಅಂತಾರೆ? ಆದರೆ ಷರತ್ತುಗಳನ್ನ ನೋಡಿ. ಹತ್ತು ವರ್ಷದಲ್ಲಿ 10 ಕೋಟಿ ಡಾಲರ್‌ಗಿಂತ ಜಾಸ್ತಿ ಬೇರೆಯದಕ್ಕೆ ಖರ್ಚು ಮಾಡಿರಬೇಕು, ಮತ್ತೆ ಅವರು ನಡೆಸೋ ವಸತಿ ಕಟ್ಟಡಗಳಲ್ಲಿ 500ಕ್ಕಿಂತ ಜಾಸ್ತಿ ಗಂಭೀರ ದೋಷ ಸಿಕ್ಕಿರಬೇಕು. ಅಂದರೆ ಹೆಸರೊಂದು ಬಿಟ್ಟು ಮನೆ ವಿಳಾಸ, ಅಂಗಿ ಬಣ್ಣ ಎಲ್ಲ ಬರೆದ ಹಾಗೆ. ಇದನ್ನ ತಂದಿದ್ದು ಅಪಾರ್ಟ್‌ಮೆಂಟ್ ಮಾಲೀಕರ ಸಂಘ. ರೋಗಿಗಳ ಮೇಲೆ ಎಂಥಾ ಕಾಳಜಿ! 33 ಸೋತಿತು, 34 ಕೂದಲೆಳೆಯಲ್ಲಿ ಗೆದ್ದಿತು.

ಡಯಾಲಿಸಿಸ್ ಸೆಂಟರ್‌ಗಳ ಬಗ್ಗೆ 2018, 2020, 2022, ಮೂರು ಚುನಾವಣೆಯಲ್ಲೂ ಪ್ರಶ್ನೆ ಕೇಳಿದ್ದರು. ಮೂರೂ ಸಲ ಜನ ಬೇಡ ಅಂದರು. ಇಂಜಿನಿಯರುಗಳು, ಅಡುಗೆಯವರು, ಡ್ರೈವರುಗಳು, ನಾನು, ಎಲ್ಲರೂ ಸೇರಿ ಡಯಾಲಿಸಿಸ್ ನಡೆಯೋ ಜಾಗದಲ್ಲಿ ಡಾಕ್ಟರ್ ಇರಬೇಕಾ ಬೇಡವಾ ಅಂತ ತೀರ್ಮಾನ ಮಾಡಿದ್ದೀವಿ. ದೇವರೇ ಕಾಪಾಡಬೇಕು.

ಇತಿಹಾಸ ಗೊತ್ತಿಲ್ಲದೆ ಮಾತಾಡ್ತಿದ್ದೀನಿ ಅಂತ ಯಾರಾದರೂ ಕಮೆಂಟ್ ಹಾಕೋ ಮೊದಲು ನಾನೇ ಹೇಳಿಬಿಡ್ತೀನಿ. 1911ರಲ್ಲಿ ಗವರ್ನರ್ ಹೈರಮ್ ಜಾನ್ಸನ್ ಜನರೇ ಕಾನೂನು ಮಾಡೋ ಈ ಪದ್ಧತಿಯನ್ನ ತಂದಾಗ ಕಾರಣ ಇತ್ತು. ಸದರ್ನ್ ಪೆಸಿಫಿಕ್ ರೈಲು ಕಂಪನಿ ಶಾಸಕರನ್ನ ಜೇಬಲ್ಲಿ ಇಟ್ಟುಕೊಂಡಿತ್ತು. ಜನರ ಕೈಗೆ ಒಂದು ಆಯುಧ ಬೇಕಿತ್ತು. ಸರಿ, ಕೊಟ್ಟರು. 2020ರಲ್ಲಿ ಊಬರ್, ಲಿಫ್ಟ್, ಡೋರ್‌ಡ್ಯಾಶ್‌ನವರೆಲ್ಲ ಸೇರಿ 20 ಕೋಟಿ ಡಾಲರ್‌ಗಿಂತ ಜಾಸ್ತಿ ಸುರಿದು, ತಮ್ಮ ಡ್ರೈವರ್‌ಗಳು ನೌಕರರಲ್ಲ ಅಂತ ಪ್ರಾಪ್ 22 ಪಾಸ್ ಮಾಡಿಸಿಕೊಂಡರು. ಯಾರನ್ನ ಓಡಿಸೋಕೆ ಆಯುಧ ಕೊಟ್ಟರೋ ಅಂಥವರ ಕೈಯಲ್ಲೇ ಈಗ ಅದು ಇದೆ. ಜನ ಪಾಸ್ ಮಾಡಿದ್ದನ್ನ ಸಾಮಾನ್ಯವಾಗಿ ಜನರೇ ತೆಗೀಬೇಕು, ಶಾಸಕರು ಸುಮ್ನೆ ತಿದ್ದೋ ಹಾಗಿಲ್ಲ. 1978ರ ಪ್ರಾಪ್ 13 ಇನ್ನೂ ಹಾಗೇ ಇದೆ. ಮನೆ ಕೊಂಡಾಗಿನ ಬೆಲೆ ಹಿಡಿದು ತೆರಿಗೆ, ಆ ಬೆಲೆ ವರ್ಷಕ್ಕೆ ಶೇ 2ಕ್ಕಿಂತ ಏರಿಸೋ ಹಾಗಿಲ್ಲ. ಅಕ್ಕಪಕ್ಕದ ಒಂದೇ ತರದ ಎರಡು ಮನೆ, ಹಳಬರಿಗೆ ಚಿಲ್ಲರೆ ತೆರಿಗೆ, ಹೊಸಬರಿಗೆ ಸೊಂಟ ಮುರಿಯೋ ತೆರಿಗೆ.

2025ರಲ್ಲಿ ನನ್ನ ತಮ್ಮ ಬೆಂಗಳೂರಿಂದ ಫೋನ್ ಮಾಡಿದಾಗ ಇದನ್ನೆಲ್ಲ ಹೇಳ್ಕೊಂಡೆ. ನಕ್ಕುಬಿಟ್ಟ. "ಅಕ್ಕಾ, ನಿನಗೆ ಕೊಬ್ಬು. ನಾವು ಕಾರ್ಪೊರೇಟರ್‌ಗೆ ವೋಟ್ ಹಾಕಿದ್ದು 2015ರಲ್ಲಿ. 2020ಕ್ಕೆ ಅವರ ಅವಧಿ ಮುಗೀತು, ಆಮೇಲೆ ಚುನಾವಣೆಯೇ ಇಲ್ಲ. ಈಗ ಊರನ್ನ ಐದು ಪಾಲಿಕೆ ಮಾಡಿದ್ದಾರೆ, ಒಂದರಲ್ಲೂ ಗೆದ್ದು ಬಂದವರಿಲ್ಲ. ಟನಲ್ ರೋಡ್ ಬೇಕಾ ಬೇಡವಾ ಅಂತ ನಮ್ಮನ್ನ ಯಾರಾದರೂ ಒಂದು ಸಲ ಕೇಳಿದ್ದರೆ!" ಅಂದ.

ಒಪ್ಪಿದೆ, ಅದು ಅನ್ಯಾಯವೇ. ಆದರೆ ಕೇಳಿದರೆ ಹೇಗೆ ಕೇಳ್ತಾರೆ ಗೊತ್ತೇನೋ ಅಂದೆ. "ಟ್ರಾಫಿಕ್‌ನಿಂದ ಬಿಡುಗಡೆ, ಶುದ್ಧ ಗಾಳಿ ಮತ್ತು ಆಂಬುಲೆನ್ಸ್‌ಗೆ ದಾರಿ ಯೋಜನೆ: ಹೌದು ಅಥವಾ ಇಲ್ಲ" ಅಂತ ಕೇಳ್ತಾರೆ. ಸುರಂಗ ಅನ್ನೋ ಮಾತೇ ಇರಲ್ಲ. ನೀನು ಯೂಟ್ಯೂಬ್ ಹಾಕಿದರೆ ಅದೇ ಜಾಹೀರಾತು, ಅದರಲ್ಲಿ ಒಬ್ಬಳು ಅಜ್ಜಿ ಕಣ್ಣೀರು ಹಾಕ್ತಿರ್ತಾಳೆ. ನಿನಗೆ ಬೇಕಾಗಿರೋದು ಕಾರ್ಪೊರೇಟರ್ ಕಣೋ, ಪ್ರಶ್ನೆಪತ್ರಿಕೆ ಅಲ್ಲ. ಅವನು "ಎರಡೂ ಇಲ್ದೆ ಇರೋನಿಗೆ ಹೇಳ್ತೀಯಲ್ಲ" ಅಂತ ಫೋನ್ ಇಟ್ಟ.

ಇನ್ನು ನಮ್ಮ ಕನ್ನಡ ವಾಟ್ಸಾಪ್ ಗುಂಪಿನ ವಿಷಯ. ಪ್ರತಿ ಚುನಾವಣೆಗೂ ಯಾರೋ ಒಬ್ಬರು ಲಿಸ್ಟ್ ಹಾಕ್ತಾರೆ. 2 ಹೌದು, 3 ಹೌದು, 5 ಇಲ್ಲ, ಹೀಗೆ. ಕೆಳಗೆ ನಲವತ್ತು ಜನ ಕೈ ಮುಗಿಯೋ ಗುರುತು. ಈ ಲಿಸ್ಟ್ ಯಾರು ಮಾಡಿದ್ದು ಸಾರ್ ಅಂತ ಕೇಳಿದರೆ ಫಾರ್ವರ್ಡ್ ಬಂದಿದ್ದು ಅಂತಾರೆ. ಅವರನ್ನೂ ಬೈಯ್ಯೋಕೆ ಮನಸ್ಸು ಬರಲ್ಲ. ಎರಡು ಮಕ್ಕಳು, ಎರಡು ಕೆಲಸ, ರಾತ್ರಿ ಹನ್ನೊಂದಕ್ಕೆ ಪಾತ್ರೆ ತೊಳೆದು ಕೂತವರು ಪ್ರಾಪ್ 35ರ ಹಣಕಾಸು ವಿವರ ಓದ್ತಾರಾ? ನಾನು ಓದಿದೆ, ಅರ್ಥ ಆಗಲಿಲ್ಲ, ಮತ್ತೆ ಓದಿದೆ, ಖಾಲಿ ಬಿಟ್ಟೆ.

ಅಭ್ಯರ್ಥಿಗಳ ಭಾಗ ಮಾತ್ರ ನನಗೆ ಇಷ್ಟ ಅಂತ ಹೇಳಲೇಬೇಕು. ಮೇಯರ್ ಲಂಡನ್ ಬ್ರೀಡ್ ಸೋತರು, ಲೀವೈಸ್ ಜೀನ್ಸ್ ಮನೆತನದ ಡೇನಿಯಲ್ ಲೂರಿ ಗೆದ್ದರು. ಅವರೂ ಸ್ವಂತ ದುಡ್ಡು ಚೆನ್ನಾಗಿಯೇ ಸುರಿದರು, ಅದು ನಿಜ. ಆದರೆ ಸುರಿದವರು ಯಾರು ಅಂತ ಕಣ್ಣಿಗೆ ಕಾಣ್ತಿತ್ತು. ಕೆಲಸ ಮಾಡದಿದ್ದರೆ ಮುಂದಿನ ಸಲ ಮನೆಗೆ ಕಳಿಸ್ತೀವಿ.

ಇದಿಷ್ಟು ಬರೆದು ನಮ್ಮನೆಯವರಿಗೆ ಓದಿ ಹೇಳಿದೆ. ಅವರು ಇನ್ನೂ ಇಂಡಿಯನ್ ಪಾಸ್‌ಪೋರ್ಟ್ ಬಿಟ್ಟಿಲ್ಲ, ಬಿಡೋದೂ ಇಲ್ಲ, ಆ ಜಗಳ ನಿಮಗೆಲ್ಲ ಗೊತ್ತಿರೋದೇ. ಆದರೆ ಈ ಊರಲ್ಲಿ ಮಕ್ಕಳಿರೋ ತಂದೆತಾಯಿ ಸಿಟಿಜನ್ ಅಲ್ಲದಿದ್ದರೂ ಸ್ಕೂಲ್ ಬೋರ್ಡ್ ಚುನಾವಣೆಗೆ ವೋಟ್ ಹಾಕಬಹುದು. ಎಚ್‌-1ಬಿಯಲ್ಲಿ ಇರೋರೂ ಹಾಕಬಹುದು. ನಮ್ಮವರಲ್ಲಿ ಅರ್ಧ ಜನಕ್ಕೆ ಇದು ಗೊತ್ತೇ ಇಲ್ಲ.

"ಆ ವೋಟು ನನಗೆ ಹೇಗೆ ಬಂತು ಹೇಳು ನೋಡೋಣ?" ಅಂದರು.

ಗೊತ್ತು. 2016ರ ಪ್ರಾಪ್ ಎನ್. ಅದಕ್ಕೂ ಮೊದಲು 2004ರಲ್ಲಿ, 2010ರಲ್ಲಿ ಸೋತು, ಮೂರನೇ ಸಲ ಜನ ಹೌದು ಅಂದಿದ್ದರಿಂದ ಬಂದ ವೋಟು.

"ಒಂದು ಒಳ್ಳೇದಾಯ್ತು ಅಂತ ಉಳಿದಿದ್ದನ್ನೆಲ್ಲ ನಾನು ತಲೆ ಮೇಲೆ ಹೊರಬೇಕಾ?" ಅಂತ ರೇಗಿದೆ. ಅವರು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದರು. ಗೆದ್ದೆ ಅಂದ್ಕೊಂಡಿದ್ದಾರೆ. 2026ಕ್ಕೆ ಮತ್ತೆ ಸ್ಕೂಲ್ ಬೋರ್ಡ್ ಚುನಾವಣೆ ಇದೆ. ಸಿಟಿಜನ್ ಅಲ್ಲದವರು ನೋಂದಣಿ ಮಾಡಿಸಿದರೆ ಆ ಮಾಹಿತಿ ಇಮಿಗ್ರೇಷನ್‌ನವರ ಕೈಗೆ ಸಿಗಬಹುದು ಅಂತ ಎಲೆಕ್ಷನ್ ಇಲಾಖೆಯವರೇ ಎಚ್ಚರಿಸ್ತಾರೆ. ಈಗಿನ ಕಾಲದಲ್ಲಿ ಯಾರಾದರೂ ಅದನ್ನ ತುಂಬೋ ಮೊದಲು ವಕೀಲರನ್ನ ಕೇಳಿ. ಇವರಿಗೂ ಅದನ್ನೇ ಹೇಳಿದ್ದೀನಿ. ಇವರು ನನ್ನ ಮಾತು ಯಾವಾಗ ಕೇಳಿದ್ದಾರೆ?