ಬರದ ನಾಡಿನ ನಗರಕ್ಕೆ ದಿನವಿಡೀ ನೀರು ಬೇಕೇ?

ಪರ: ಪೈಪು ಖಾಲಿ ಇರಬಾರದು

ಈ ಚರ್ಚೆಯಲ್ಲಿ ಪರ ಪಕ್ಷ ನನ್ನ ಪಾಲಿಗೆ ಬಂದಿದೆ. ಪೂರ್ತಿ ಒಪ್ಪಿ ಬರೆಯುತ್ತಿದ್ದೇನೆ ಎಂದರೆ ಸುಳ್ಳಾದೀತು. ಹುಬ್ಬಳ್ಳಿಯ ನಮ್ಮ ಓಣಿಗೆ ವಾರಕ್ಕೊಮ್ಮೆ ನೀರು ಬರುತ್ತದೆ. ಅಂದು ಮನೆಮಂದಿಯೆಲ್ಲ ಸೇರಿ ಸಂಪು, ಟಾಕಿ, ಬಕೆಟ್ಟು, ಕೊನೆಗೆ ಅಡುಗೆಯ ಪಾತೇಲಿಗಳನ್ನೂ ತುಂಬಿಸುತ್ತೇವೆ. ಮುಂದಿನ ಸರದಿಗೆ ಹೊಸ ನೀರು ಬಂದೊಡನೆ, ಉಳಿದ ಹಳೆಯ ನೀರಿನಲ್ಲಿ ಹುಳವಾಗಿರಬಹುದೆಂದು ಅದನ್ನು ಅಂಗಳಕ್ಕೆ ಚೆಲ್ಲುತ್ತೇವೆ. ಬರದ ನಾಡಿನಲ್ಲಿ ನೀರು ಉಳಿಸುವ ರೀತಿ ಇದಲ್ಲ.

ಆರು ದಿನ ಖಾಲಿ ಬಿದ್ದ ಪೈಪಿನೊಳಗೆ ಒತ್ತಡವಿರುವುದಿಲ್ಲವಾದ್ದರಿಂದ ಜೋಡಣೆಯ ಸಂದುಗಳಿಂದ ಗಟಾರದ ನೀರು ಒಳಕ್ಕೆ ಜಿನುಗುತ್ತದೆ. 2008ರಲ್ಲಿ ವಿಶ್ವಬ್ಯಾಂಕ್ ನೆರವಿನ ಯೋಜನೆಯಡಿ ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಕೆಲವು ವಾರ್ಡುಗಳಿಗೆ ಹೊಸ ಪೈಪು, ಮನೆಮನೆಗೆ ಮೀಟರು ಹಾಕಿ ದಿನವಿಡೀ ನೀರು ಕೊಡಲಾಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸರದಿ ನೀರಿನ ವಾರ್ಡುಗಳಲ್ಲಿ ನಳದ ಮಾದರಿಗಳ ಸುಮಾರು ಮೂರನೆಯ ಒಂದು ಭಾಗದಲ್ಲಿ ಮಲಮಾಲಿನ್ಯ ಸೂಚಿಸುವ ಇ. ಕೊಲಿ ಬ್ಯಾಕ್ಟೀರಿಯಾ ಕಂಡುಬಂದರೆ, ನಿರಂತರ ನೀರಿನ ವಾರ್ಡುಗಳಲ್ಲಿ ಆ ಪ್ರಮಾಣ ಶೇ. 1ಕ್ಕಿಂತ ಕಡಿಮೆ ಇತ್ತು. ಬಡವರಿಗೆ ಬಿಲ್ಲು ಭಾರವಾಗುವುದಿಲ್ಲವೇ ಎಂಬ ಪ್ರಶ್ನೆಗೆ ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ. ಅದನ್ನು ಸರಕಾರ ನೋಡಿಕೊಳ್ಳಲಿ.

ವಿರೋಧ: ನಳಕ್ಕಿಂತ ಮೊದಲು ಕೆರೆ

ಪರ ಬರೆದ ಮಿತ್ರರನ್ನು ಓದಿದರೆ, ಮನೆಮನೆಗೆ ಮೀಟರು ಕೂರಿಸಿದೊಡನೆ ಮಲಪ್ರಭೆ ಹುಟ್ಟುವ ಕನಕುಂಬಿಯಲ್ಲಿ ಮಳೆ ಸುರಿದುಬಿಡುತ್ತದೆ ಎನ್ನಿಸುತ್ತದೆ. ಪೈಪು ಎಷ್ಟೇ ಹೊಸದಿರಲಿ, ಅದರ ಆ ತುದಿಯಲ್ಲಿ ನೀರಿರಬೇಕು. ಅವಳಿ ನಗರ ಬಹುಪಾಲು ನೆಚ್ಚಿಕೊಂಡಿರುವ, ಮಲಪ್ರಭೆಗೆ ಕಟ್ಟಿದ ನವಿಲುತೀರ್ಥ ಜಲಾಶಯಕ್ಕೆ ಸುಮಾರು 37 ಟಿಎಂಸಿ ನೀರು ಹಿಡಿಸುತ್ತದೆಯಾದರೂ ಅದು ತುಂಬದ ವರ್ಷಗಳೇ ಹೆಚ್ಚು. ಕಲಘಟಗಿ ಬದಿಯ ನೀರಸಾಗರ ಕೆರೆಯಂತೂ ಮಳೆಯನ್ನೇ ನಂಬಿದ್ದು. 2019ರ ಆಗಸ್ಟಿನಲ್ಲಿ ಇದೇ ಮಲಪ್ರಭೆ ನರಗುಂದ ತಾಲ್ಲೂಕಿನ ಕೊಣ್ಣೂರಿಗೆ ನುಗ್ಗಿತು. ಆದರೆ 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಇಂಥ ಹೊಳೆಯನ್ನು ನಂಬಿ ದಿನಕ್ಕೆ 24 ತಾಸು ನೀರು ಕೊಡುತ್ತೇವೆಂದು ಮಾತು ಕೊಡುವುದು ಬಿತ್ತುವ ಮೊದಲೇ ರಾಶಿಯ ಲೆಕ್ಕ ಬರೆದಂತೆ.

ನಾನು ನವಲಗುಂದ ತಾಲ್ಲೂಕಿನವನು. ಎರೆ ಭೂಮಿಯ ನಮ್ಮೂರಿನಲ್ಲಿ ಬೋರು ಕೊರೆಸಿದರೆ ಸವಳು ನೀರು ಬರುತ್ತದೆ. ಅದರಲ್ಲಿ ಬೇಳೆ ಬೇಯುವುದಿಲ್ಲ, ಚಹಾಕ್ಕೆ ಹಾಕಿದ ಹಾಲು ಒಡೆಯುತ್ತದೆ. ಹೀಗಾಗಿ ಊರು ಕುಡಿಯುವುದು ಕೆರೆಯ ನೀರನ್ನು, ಆ ಕೆರೆ ತುಂಬುವುದು ಮಲಪ್ರಭೆಯ ಕಾಲುವೆಯಿಂದ. ಒಂದು ಬೇಸಿಗೆಯಲ್ಲಿ ಕಾಲುವೆಗೆ ನೀರು ಬಿಡುವುದು ತಡವಾಗಿ ಕೆರೆ ಕೆಸರಿಗಿಳಿದಿತ್ತು. ಅವ್ವ ಹಳೆಯ ಇಳಕಲ್ ಸೀರೆಯ ತುಂಡನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಕಟ್ಟಿ, ತಂಬಿಗೆಯಿಂದ ಮೊಗೆಮೊಗೆದು ಸೋಸುತ್ತಿದ್ದಳು. ಒಂದು ಕೊಡಕ್ಕೆ ಅರ್ಧ ತಾಸು ಹಿಡಿಯುತ್ತಿತ್ತು, ನಡುನಡುವೆ ಬಟ್ಟೆ ಬಿಚ್ಚಿ ಕರಿ ರಾಡಿಯನ್ನು ಝಾಡಿಸಬೇಕಾಗುತ್ತಿತ್ತು. ಅದೇ ವಾರ ಧಾರವಾಡಕ್ಕೆ ಬಂದರೆ, ನಿರಂತರ ನೀರಿನ ಬಡಾವಣೆಯ ನಮ್ಮ ಬೀಗರು ನಳಕ್ಕೆ ರಬ್ಬರ್ ಪೈಪು ಸಿಕ್ಕಿಸಿ ಕಾರು ತೊಳೆಯುತ್ತಿದ್ದರು. ಅವರು ತಪ್ಪದೆ ಬಿಲ್ಲು ಕಟ್ಟುವವರು, ಅವರದು ತಪ್ಪೆನ್ನಲಾರೆ. ನನ್ನ ತಕರಾರು ಇರುವುದೇ ಅಲ್ಲಿ: ಜಲಾಶಯ ಒಂದೇ ಆಗಿದ್ದರೂ ಬಿಲ್ಲು ಕಟ್ಟುವವರಿಗೆ ಅದರ ಮೇಲೆ ಮೊದಲ ಹಕ್ಕು ಬಂದುಬಿಡುತ್ತದೆ. ಕಾಲುವೆಯ ನೀರು ತಲುಪದ ಹೊಲಗಳಿಗೂ ಕರ ಕೇಳಿದ್ದಕ್ಕೆ 1980ರಲ್ಲಿ ನರಗುಂದ, ನವಲಗುಂದದ ರೈತರು ಬಂಡೆದ್ದ ಸೀಮೆ ಇದು ಎಂಬುದನ್ನು ಯೋಜನೆ ಮಾಡುವವರು ಮರೆತಂತಿದೆ.

ಮಹದಾಯಿ ಹೊಳೆಯ ನೀರು ಮಲಪ್ರಭೆಗೆ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. 2018ರ ನ್ಯಾಯಮಂಡಳಿಯ ತೀರ್ಪು ಆ ನೀರನ್ನು ತಿರುಗಿಸುವ ಕಳಸಾ-ಬಂಡೂರಿ ಯೋಜನೆಗೆ ಕೊಟ್ಟದ್ದು 3.9 ಟಿಎಂಸಿ, ಅದನ್ನು ಎಷ್ಟು ಕಡೆಗೆ ಹಂಚುವುದು? ನವಿಲುತೀರ್ಥದ ನೀರು ಇಂತಿಷ್ಟು ಅಡಿಗೆ ಇಳಿದೊಡನೆ ಮೊದಲು ನಗರದ ತಾಸುಗಳು ಕಡಿಮೆಯಾಗಬೇಕು, ಹಳ್ಳಿಯ ಕೆರೆಗಳು ತುಂಬುವವರೆಗೆ ಕಾಲುವೆಯ ಗೇಟು ಮುಚ್ಚಬಾರದು ಎಂದು ದಿನವಿಡೀ ನೀರಿನ ಯೋಜನೆಯ ಕಾಗದದಲ್ಲೇ ಬರೆಯಲಿ. ಅಲ್ಲಿಯವರೆಗೆ ನನ್ನದು ವಿರೋಧವೇ.