ಲೈಸೆನ್ಸ್ ಇದ್ದವರು, ಇಲ್ಲದವರು

ಕಾಡಿನ ರಸ್ತೆಯಲ್ಲಿ ಹೋಗುತ್ತಿದ್ದಾಗ ಇದ್ದಕ್ಕಿದ್ದಂತೆ ಆನೆ ಎದುರಾಯಿತಂತೆ. ಹೀಗೆ ಹೇಳುವವರ ಮುಖ ನೋಡಬೇಕು, ಏನೋ ಮೋಸ ಆದವರ ಹಾಗಿರುತ್ತದೆ. ಅಲ್ಲಾ ಸ್ವಾಮಿ, ಕಾಡಿನಲ್ಲಿ ಆನೆ ಅಲ್ಲದೆ ಇನ್ಯಾರು ಎದುರಾಗಬೇಕಿತ್ತು? ಹೊರಡುವಾಗ ಬೈನಾಕ್ಯುಲರ್ ಬೇಕು, ಜೂಮ್ ಲೆನ್ಸ್ ಬೇಕು, ಮಿಲಿಟರಿ ಬಣ್ಣದ ಟೋಪಿ ಬೇಕು. ದಾರಿಯುದ್ದಕ್ಕೂ "ಏನಾದ್ರೂ ಕಾಣುತ್ತಾ?" ಅಂತ ಕಿಟಕಿಗೆ ಮೂಗು ಒತ್ತಿಕೊಂಡೇ ಕೂರುತ್ತಾರೆ. ಕಂಡ ಕೂಡಲೇ ಕಿರುಚುತ್ತಾರೆ.

ಆಮೇಲಿನ ದೃಶ್ಯ ಬಲು ಸೊಗಸು. ಮೊದಲ ಕಾರು ನಡುರಸ್ತೆಯಲ್ಲೇ ನಿಲ್ಲುತ್ತದೆ. ಪಕ್ಕಕ್ಕೆ ಹಾಕಿದರೆ ಆಂಗಲ್ ಸಿಗುವುದಿಲ್ಲ, ಅಲ್ವಾ? ಎರಡನೆಯದು ಅದರ ಬಲಕ್ಕೆ ಬಂದು ಎದುರಿನವರ ದಾರಿಯನ್ನೂ ಮುಚ್ಚುತ್ತದೆ. ಮೂರನೆಯವನಿಗೆ ಏನು ನಡೆಯುತ್ತಿದೆ ಅಂತಲೇ ಗೊತ್ತಿಲ್ಲ, ಆದರೂ ಹಾರ್ನ್ ಹೊಡೆಯುತ್ತಾನೆ. ಸನ್‌ರೂಫಿನಿಂದ ಒಂದು ಪುಟ್ಟ ತಲೆ ಹೊರಬರುತ್ತದೆ. ಮಗುವಿಗೆ ಚೆನ್ನಾಗಿ ಕಾಣಲಿ ಅಂತ ಕೆಳಗಿನಿಂದ ಅಪ್ಪ ಇನ್ನೂ ಒಂದು ಗೇಣು ಮೇಲಕ್ಕೆತ್ತುತ್ತಾನೆ. ಹಿಂದಿನ ಸೀಟಿನಿಂದ ಚಿಪ್ಸ್ ಪೊಟ್ಟಣ ಹಾರುತ್ತದೆ. "ಪಾಪ, ಹಸಿದಿರತ್ತೆ." ದಿನದ ಬಹುಪಾಲು ಹೊತ್ತು ಮೇಯುತ್ತಲೇ ಇರುವ ಪ್ರಾಣಿಗೆ ಒಂದು ಹಿಡಿ ಚಿಪ್ಸಿನ ದಾಸೋಹ!

ಆನೆ ಕಿವಿ ಅಗಲಿಸಿ, ತಲೆ ಎತ್ತಿ ನಿಲ್ಲುತ್ತದೆ. ಸರಿಯಾಗಿ ಆ ಹೊತ್ತಿಗೆ ಗುಂಪಿನಲ್ಲೊಬ್ಬ ತಜ್ಞ ಹುಟ್ಟಿಕೊಳ್ಳುತ್ತಾನೆ. "ಏನೂ ಮಾಡಲ್ಲ ಬನ್ರೀ, ಸುಮ್ನೆ ಹೆದರಿಸ್ತಿದೆ." ಅವನ ಓದೆಲ್ಲ ಮೊಬೈಲಿನಲ್ಲೇ ಆಗಿದ್ದರೂ ಮಾತು ಪೂರ್ತಿ ಸುಳ್ಳಲ್ಲ. ಆನೆ ಎಷ್ಟೋ ಸಲ ನಾಲ್ಕು ಹೆಜ್ಜೆ ನುಗ್ಗಿ ಬಂದು ನಿಂತುಬಿಡುತ್ತದೆ. ಯಾವ ಸಲ ನಿಲ್ಲಬೇಕು, ಯಾವ ಸಲ ನಿಲ್ಲಬಾರದು ಅನ್ನುವುದು ಮಾತ್ರ ಆನೆಗೆ ಬಿಟ್ಟ ವಿಚಾರ. ತಜ್ಞರಿಗೆ ಅದು ಓಡುವಾಗ ಗೊತ್ತಾಗುತ್ತದೆ. ಮರುದಿನದ ಸುದ್ದಿಯಲ್ಲಿ ಆನೆ ದಾಳಿ ಮಾಡಿರುತ್ತದೆ, ಪ್ರವಾಸಿಗರು ಕೂದಲೆಳೆಯಲ್ಲಿ ಪಾರಾಗಿರುತ್ತಾರೆ. ಚಿಪ್ಸ್ ಪೊಟ್ಟಣದ ಬಗ್ಗೆ ಒಂದಕ್ಷರ ಇರುವುದಿಲ್ಲ.

ಇದು ನಮ್ಮ ಜನರ ಕತೆ ಮಾತ್ರ ಅಂದುಕೊಂಡು ತಲೆ ತಗ್ಗಿಸಬೇಡಿ. ಈ ವಿಷಯದಲ್ಲಿ ಜಗತ್ತೆಲ್ಲ ಒಂದೇ ಕುಟುಂಬ. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಕರಡಿ ಕಂಡು ರಸ್ತೆ ಕಟ್ಟಿಕೊಳ್ಳುವುದು ಎಷ್ಟು ಮಾಮೂಲಿ ಅಂದರೆ ಅದಕ್ಕೆ 'ಬೇರ್ ಜಾಮ್' ಅಂತ ಹೆಸರೇ ಇದೆ. ಅಲ್ಲಿನ ನಿಯಮದ ಪ್ರಕಾರ ಕರಡಿ, ತೋಳಗಳಿಂದ 91 ಮೀಟರ್, ಬೈಸನ್‌ನಿಂದ 23 ಮೀಟರ್ ದೂರ ಇರಬೇಕು. ಅಳತೆ ಟೇಪ್ ಹಿಡಿದು ಯಾರು ಬರುತ್ತಾರೆ ಅಂತ ಪಾರ್ಕಿನವರು ಸುಲಭದ ಉಪಾಯವೊಂದನ್ನು ಹೇಳಿಕೊಟ್ಟಿದ್ದಾರೆ. ಕೈ ಚಾಚಿ, ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಎತ್ತಿ. ಬೆರಳಿನ ಹಿಂದೆ ಪ್ರಾಣಿ ಪೂರ್ತಿ ಮರೆಯಾದರೆ ನೀವು ಕ್ಷೇಮ. ಜನ ಹೆಬ್ಬೆರಳನ್ನೇನೋ ತಪ್ಪದೆ ಎತ್ತುತ್ತಾರೆ. ಪ್ರಾಣಿಗೆ ಬೆನ್ನು ಹಾಕಿ, ಕ್ಯಾಮೆರಾ ಕಡೆ ಹಲ್ಲು ಬಿಟ್ಟುಕೊಂಡು.

ಆ ಪಾರ್ಕಿನಲ್ಲಿ ಅತಿ ಹೆಚ್ಚು ಜನರನ್ನು ಗಾಯಗೊಳಿಸಿದ ಪ್ರಾಣಿ ಕರಡಿಯಲ್ಲ, ತೋಳವೂ ಅಲ್ಲ. ಹುಲ್ಲು ತಿನ್ನುವ ಬೈಸನ್. ಗಂಟೆಗೆ 55 ಕಿ.ಮೀ. ವೇಗದಲ್ಲಿ ಓಡಬಲ್ಲ ಈ ಪ್ರಾಣಿ ಮೇಯುತ್ತಾ ನಿಂತಾಗ ಮಹಾ ಸೋಮಾರಿಯಂತೆ ಕಾಣುತ್ತದೆ. ಕೋರೆಹಲ್ಲು ಕಾಣದಿದ್ದರೆ ನಮಗೆ ಭಯ ಹುಟ್ಟುವುದೇ ಇಲ್ಲ. ಹುಟ್ಟುವುದು ಕರುಣೆ, ಅದು ಇನ್ನೂ ಅಪಾಯ. 2016ರ ಮೇ ತಿಂಗಳಲ್ಲಿ ಅಲ್ಲಿಗೆ ಹೋದ ಪ್ರವಾಸಿಗರಿಗೆ ಒಂದು ಬೈಸನ್ ಕರು ಕಂಡಿತು. ಚಳಿಯಲ್ಲಿ ನಡುಗುತ್ತಿದೆ ಅನ್ನಿಸಿತು. ಎತ್ತಿ ಕಾರಿನೊಳಗೆ ಹಾಕಿಕೊಂಡು ರೇಂಜರ್‌ಗಳ ಹತ್ತಿರ ತಂದರು. ಸಾವಿರಾರು ವರ್ಷ ಸ್ವೆಟರ್ ಇಲ್ಲದೆ ಹಿಮ ಕಂಡ ವಂಶ ಅದು. ಅಂತೂ ಅದಕ್ಕೆ ಕಾರಿನ ಯೋಗ ಬಂತು. ವಾಪಸ್ ಬಿಟ್ಟಾಗ ಹಿಂಡು ಅದನ್ನು ಸೇರಿಸಿಕೊಳ್ಳಲಿಲ್ಲ. ಅದು ಮತ್ತೆ ಮತ್ತೆ ಕಾರುಗಳ ಹತ್ತಿರ, ಜನರ ಹತ್ತಿರ ಬರತೊಡಗಿತು. ಕೊನೆಗೆ ಪಾರ್ಕಿನವರೇ ಅದನ್ನು ಕೊಲ್ಲಬೇಕಾಯಿತು. ಕಾರಿನವರು ದಂಡ ಕಟ್ಟಿ ಊರಿಗೆ ಹೋದರು.

ಕೆನಡಾದ ಜಾಸ್ಪರ್ ಉದ್ಯಾನದ್ದು ಇನ್ನೊಂದು ಬಗೆ. 2020ರಲ್ಲಿ ಅಲ್ಲಿನ ರಸ್ತೆಯಲ್ಲಿ ದೊಡ್ಡ ಬೋರ್ಡು ಬೆಳಗಿತು: 'ಮೂಸ್‌ಗೆ ನಿಮ್ಮ ಕಾರು ನೆಕ್ಕಲು ಬಿಡಬೇಡಿ.' ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಹಾಕುತ್ತಾರೆ, ಅದು ಕಾರಿಗೆ ಮೆತ್ತಿಕೊಳ್ಳುತ್ತದೆ, ಕುದುರೆಗಿಂತ ಎತ್ತರದ ಈ ದೈತ್ಯ ಜಿಂಕೆ ಬಂದು ನೆಕ್ಕುತ್ತದೆ. ಕಾರಿನವರಿಗೆ ಪುಕ್ಕಟೆ ಸರ್ವೀಸ್, ಜೊತೆಗೆ ವಿಡಿಯೋ. ಕಾರು ಅಂದರೆ ತಿಂಡಿ ಅಂತ ಕಲಿತ ಮೂಸ್ ನಾಳೆ ಓಡುವ ಕಾರಿಗೂ ಅಡ್ಡ ಬರುತ್ತದೆ. ಅಷ್ಟು ದೂರದ ಯೋಚನೆ ಯಾರಿಗೆ ಬೇಕು?

ಇನ್ನು ರಾತ್ರಿಯ ವೀರರು. ಜಿಂಕೆಯ ಕಣ್ಣು ಕತ್ತಲಿಗೆ ಒಗ್ಗಿದ್ದು. ಹೈಬೀಮ್ ಬಿದ್ದರೆ ಅದಕ್ಕೆ ಏನೂ ಕಾಣುವುದಿಲ್ಲ, ನಿಂತಲ್ಲೇ ನಿಲ್ಲುತ್ತದೆ. ಗುದ್ದಿದವನು ಹೇಳುವುದು, "ನನ್ನನ್ನೇ ನೋಡ್ತಾ ನಿಂತಿತ್ತು ಸಾರ್, ಕದಲಲೇ ಇಲ್ಲ." ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್. ತುರ್ತು ವಾಹನ, ಕೆಲವು ಬಸ್ಸು ಬಿಟ್ಟರೆ ಬೇರೆಯವರಿಗೆ ಬಿಡುವುದಿಲ್ಲ. ಇಪ್ಪತ್ನಾಲ್ಕು ಗಂಟೆಯಲ್ಲಿ ಒಂಬತ್ತು ಗಂಟೆ ಕಾಡಿನವರಿಗೆ, ಹದಿನೈದು ನಮಗೆ. ಇದು ಅನ್ಯಾಯ ಅನ್ನುವ ಕೂಗು ಇಂದಿಗೂ ನಿಂತಿಲ್ಲ. ಕೂಗುತ್ತಿರುವವರು ಒಂಬತ್ತು ಗಂಟೆ ಸಿಕ್ಕವರಲ್ಲ ಅನ್ನುವುದನ್ನು ಗಮನಿಸಿ.

ಹೀಗಾಗಿ ನನ್ನದೊಂದು ನಮ್ರ ಸಲಹೆ. ಬೋರ್ಡು ಬರೆದು ಮನುಷ್ಯರಿಗೆ ಬುದ್ಧಿ ಹೇಳುವ ಖರ್ಚು ಸಾಕು. ಆ ದುಡ್ಡನ್ನು ಪ್ರಾಣಿಗಳ ಶಿಕ್ಷಣಕ್ಕೆ ಹಾಕಿ, ಫಲ ಖಂಡಿತ. ಸುಮ್ಮನೆ ಹೇಳುತ್ತಿಲ್ಲ. ಕೆನಡಾದ ಬ್ಯಾನ್ಫ್‌ನಲ್ಲಿ ಹೆದ್ದಾರಿಗೆ ಬೇಲಿ ಹಾಕಿ, ಪ್ರಾಣಿಗಳಿಗೆಂದೇ 6 ಮೇಲ್ಸೇತುವೆ, 38 ಕೆಳದಾರಿ ಕಟ್ಟಿದರು. ಮೇಲ್ಸೇತುವೆ ಮೇಲೆ ಹುಲ್ಲು, ಗಿಡ ಬೆಳೆಸಿದರು. ಪ್ರಾಣಿಗಳಿಗೆ ವಾಹನ ಬಡಿಯುವುದು ಶೇ. 80ಕ್ಕಿಂತ ಜಾಸ್ತಿ ಇಳಿಯಿತು. ಸಾರಂಗದ ಜಾತಿಯ ಎಲ್ಕ್‌ಗಳು ಬೇಗನೆ ಕಲಿತವು. ಗ್ರಿಜ್ಲಿ ಕರಡಿಗಳು ಸ್ವಲ್ಪ ಸಂಶಯದ ಸ್ವಭಾವದವು, ಐದು ವರ್ಷದವರೆಗೂ ಹಿಡಿಯಿತು. ಕರಡಿ ದಡ್ಡ ಅನ್ನುವ ಮೊದಲು 'ಪ್ರಾಣಿಗಳಿಗೆ ಆಹಾರ ಹಾಕಬೇಡಿ' ಅನ್ನುವ ಬೋರ್ಡನ್ನು ನಾವು ಎಷ್ಟು ವರ್ಷದಿಂದ ಓದುತ್ತಿದ್ದೇವೆ ಅಂತ ಲೆಕ್ಕ ಹಾಕಿ. ಕರಡಿಗೆ ಓದಲೂ ಬರುವುದಿಲ್ಲ.

ಕರಡಿ ಬೇಡ, ಏಡಿಯನ್ನೇ ತೆಗೆದುಕೊಳ್ಳಿ. ಹಿಂದೂ ಮಹಾಸಾಗರದ ಕ್ರಿಸ್ಮಸ್ ದ್ವೀಪದಲ್ಲಿ ಮಳೆಗಾಲ ಶುರುವಾದಾಗ ಕೋಟಿಗಟ್ಟಲೆ ಕೆಂಪು ಏಡಿಗಳು ಕಾಡಿನಿಂದ ಸಮುದ್ರಕ್ಕೆ ಹೊರಡುತ್ತವೆ. ಆಗ ರಸ್ತೆಗಳನ್ನೇ ಮುಚ್ಚುತ್ತಾರೆ. ಒಂದು ಕಡೆ ಐದು ಮೀಟರ್ ಎತ್ತರದ ಏಡಿ ಸೇತುವೆಯೂ ಇದೆ. ಟ್ರಾಫಿಕ್ ಪೊಲೀಸ್ ಇಲ್ಲ, ಸಿಗ್ನಲ್ ಇಲ್ಲ. ಲೇನ್ ನುಗ್ಗುವುದಿಲ್ಲ ಅಂತ ಹೇಳಲಾರೆ, ಒಂದರ ಮೇಲೊಂದು ಹತ್ತಿಕೊಂಡೇ ಹೋಗುತ್ತವೆ. ಆದರೆ ನಡುದಾರಿಯಲ್ಲಿ ನಿಂತು ಪಕ್ಕದವರನ್ನು ಕರೆದು ತೋರಿಸುವುದಿಲ್ಲ. ಜನ ಮಾತ್ರ ದೂರದೂರದಿಂದ ಬಂದು ಅವುಗಳ ಮುಂದೆ ಮೊಬೈಲ್ ಹಿಡಿದು ಬಗ್ಗುತ್ತಾರೆ. ಏಡಿಗಳು ಚಂದ್ರನ ಲೆಕ್ಕ ಹಿಡಿದು ಹೊರಟಿರುತ್ತವೆ. ಸರಿಯಾದ ಭರತಕ್ಕೆ ಮೊಟ್ಟೆ ಬಿಡಬೇಕು. ಪೋಸ್ ಕೊಡಲು ಅವಕ್ಕೆಲ್ಲಿ ಪುರುಸೊತ್ತು? ಬೂಟಿನ ಮೇಲೆ ಹತ್ತಿ, ಇಳಿದು ಹೋಗುತ್ತವೆ.