ವಾರ್ಡ್‌ರೋಬಿಗೆ ಸೇರಿಹೋದ ಡಕ್ಟ್

ಬೆಂಗಳೂರಿನ 30×40ರ ಸೈಟಿನಲ್ಲಿ ಮನೆ ಕಟ್ಟಿಸುವ ನಮ್ಮಂಥವರು ನಕ್ಷೆ ಹಿಡಿದು ಕುಳಿತಾಗ ದೇವರ ಮನೆ ಎಲ್ಲಿ, ಕೋಣೆಗಳು ಎಷ್ಟು ದೊಡ್ಡವು, ಕಾರು ನಿಲ್ಲುತ್ತದೆಯೇ ಎಂಬುದನ್ನಷ್ಟೇ ಚರ್ಚಿಸುತ್ತೇವೆ. ನೀರು, ಕೊಳಚೆ, ವಿದ್ಯುತ್ತು ಎಲ್ಲಿ ಹಾದುಹೋಗಬೇಕೆಂಬ ಪ್ರಶ್ನೆಯನ್ನು ಗೋಡೆ ಎದ್ದ ಮೇಲೆ ಪ್ಲಂಬರ್ ಬಂದು ಕೇಳುತ್ತಾನೆ. ಅಷ್ಟು ಹೊತ್ತಿಗೆ ಕೊಡಲು ಜಾಗವೇ ಉಳಿದಿರುವುದಿಲ್ಲ.

ನಮ್ಮ ಮನೆಯಲ್ಲಿ ಎರಡು ಬಚ್ಚಲುಗಳ ನಡುವೆ ಎಂಜಿನಿಯರ್ ತೋರಿಸಿದ್ದ ಎರಡೂವರೆ ಅಡಿಯ ಡಕ್ಟನ್ನು, ಅಂದರೆ ಪೈಪುಗಳು ಮೇಲಿಂದ ಕೆಳಗೆ ಇಳಿಯಲು ಬಿಡುವ ಕಿರುಜಾಗವನ್ನು, ಇಷ್ಟು ಜಾಗ ದಂಡವೆಂದು ವಾದಿಸಿ ವಾರ್ಡ್‌ರೋಬಿಗೆ ಸೇರಿಸಿದವನು ನಾನೇ. ಪೈಪುಗಳೆಲ್ಲ ಗೋಡೆಯೊಳಗೆ ಹುದುಗಿದವು. ಆರನೆಯ ವರ್ಷ ಮಲಗುವ ಕೋಣೆಯ ಗೋಡೆಗೆ ತೇವ ಹತ್ತಿದಾಗ, ಸೋರುತ್ತಿದ್ದ ಜಾಯಿಂಟ್ ಯಾವುದೆಂದು ಪತ್ತೆಹಚ್ಚಲು ಮೂರು ಕಡೆ ಟೈಲ್ಸ್ ಒಡೆಸಬೇಕಾಯಿತು, ಮತ್ತು ಅದೇ ಬಣ್ಣದ ಟೈಲ್ಸ್ ಅಂಗಡಿಯಲ್ಲಿ ಸಿಗಲಿಲ್ಲ. ಡಕ್ಟ್ ಇದ್ದಿದ್ದರೆ ಒಬ್ಬ ಮನುಷ್ಯ ಒಳಗೆ ನಿಂತು ಅರ್ಧ ಗಂಟೆಯಲ್ಲಿ ಮುಗಿಸುವ ಕೆಲಸವದು.

ವಾಸ್ತುವಿನ ಪ್ರಕಾರ ಸಂಪು ಈಶಾನ್ಯಕ್ಕೆ, ಓವರ್‌ಹೆಡ್ ಟ್ಯಾಂಕ್ ನೈಋತ್ಯಕ್ಕೆ ಎಂದು ಪಟ್ಟುಹಿಡಿಯುತ್ತೇವೆ, ಹಿಡಿಯೋಣ. ಆದರೆ ಈ ಎರಡು ಮೂಲೆಗಳ ನಡುವೆ ಇಡೀ ಮನೆಯನ್ನು ದಾಟಬೇಕಾದ ಪೈಪಿನ ದಾರಿಯನ್ನು ಯಾರೂ ಯೋಚಿಸುವುದಿಲ್ಲ. ಸಾವಿರ ಲೀಟರ್ ನೀರೆಂದರೆ ಒಂದು ಟನ್ ಭಾರ, ಆದ್ದರಿಂದ ಟ್ಯಾಂಕಿನ ಕೆಳಗೆ ತೊಲೆ ಎಲ್ಲಿ ಬರುತ್ತದೆಂಬುದು ಮೊದಲೇ ತೀರ್ಮಾನವಾಗಬೇಕು. ಸೋಲಾರ್ ಹೀಟರಿಗೆ ನೀರು ತಾನಾಗಿ ಇಳಿಯಬೇಕಾದರೆ ತಣ್ಣೀರಿನ ಟ್ಯಾಂಕ್ ಅದಕ್ಕಿಂತ ಎತ್ತರದಲ್ಲಿರಬೇಕು. ಬಚ್ಚಲುಗಳು ಒಂದರ ಮೇಲೊಂದು ಬಂದರೆ ಬಿಸಿನೀರಿನ ಪೈಪಿನ ಉದ್ದ ಕಡಿಮೆಯಾಗಿ, ನಲ್ಲಿ ತಿರುಗಿಸಿದಾಗ ಮೊದಲು ಬರುವ ತಣ್ಣೀರನ್ನು ಬಕೆಟ್ಟುಗಟ್ಟಲೆ ಚೆಲ್ಲುವುದು ತಪ್ಪುತ್ತದೆ.

ಮಳೆನೀರಿನ ವಿಷಯದಲ್ಲಂತೂ ನಾವು ಕಾನೂನಿಗೆ ಹೆದರಿ ಕೆಲಸ ಮಾಡುತ್ತೇವೆ. ಜಲಮಂಡಳಿಯ ಕಾಯ್ದೆಗೆ 2009ರಲ್ಲಿ ತಿದ್ದುಪಡಿಯಾದಂದಿನಿಂದ ನಗರದಲ್ಲಿ ಈ ಅಳತೆಯ ಸೈಟಿನ ಹೊಸ ಮನೆಗೂ ಮಳೆನೀರು ಸಂಗ್ರಹ ಕಡ್ಡಾಯ. ನೂರು ಚದರ ಮೀಟರಿನ ಛಾವಣಿಯ ಮೇಲೆ ಹತ್ತು ಮಿಲಿಮೀಟರ್ ಮಳೆ ಬಿದ್ದರೆ ಸಾವಿರ ಲೀಟರ್ ನೀರು ಬೀಳುತ್ತದೆ. ಆದರೂ ಅದರ ಫಿಲ್ಟರನ್ನು ಕಾರಿನ ಹಿಂದೆ, ಕೈ ಎಟುಕದ ಮೂಲೆಯಲ್ಲಿ ಕೂರಿಸುತ್ತೇವೆ. ಎರಡನೆಯ ಮಳೆಗಾಲಕ್ಕೆ ಅದು ಎಲೆ, ಕಸದಿಂದ ಕಟ್ಟಿಕೊಂಡಿರುತ್ತದೆ.

ಯುಪಿಎಸ್ಸಿನ ಬ್ಯಾಟರಿಯನ್ನು ಮೆಟ್ಟಿಲ ಕೆಳಗಿನ ಗಾಳಿಯಾಡದ ಗೂಡಿಗೆ ತುರುಕುವುದೂ ಇದೇ ಮರೆವಿನ ಫಲ. ಲೆಡ್-ಆಸಿಡ್ ಬ್ಯಾಟರಿಯಾದರೆ ಚಾರ್ಜ್ ಆಗುವಾಗ ಅದರಿಂದ ಬೆಂಕಿ ಹೊತ್ತಿಕೊಳ್ಳಬಲ್ಲ ಜಲಜನಕ ಹೊಮ್ಮುತ್ತದೆ. ಅಡುಗೆ ಗ್ಯಾಸು ಗಾಳಿಗಿಂತ ಭಾರವಾದ್ದರಿಂದ ಸಿಲಿಂಡರ್ ಇಡುವಲ್ಲಿ ಕಿಂಡಿ ನೆಲಮಟ್ಟದಲ್ಲಿರಬೇಕು. ಹಂಡೆ, ಸೌದೆ, ಒಗೆಯುವ ಕಲ್ಲುಗಳಿಗೆಲ್ಲ ನಮ್ಮ ಅಜ್ಜಿಯ ಮನೆಯಲ್ಲಿ ಹಿತ್ತಲಿತ್ತು. ಈಗ ಅಷ್ಟನ್ನೂ ಅಡುಗೆಮನೆಗೆ ಅಂಟಿದ ನಾಲ್ಕಡಿಯ ಯುಟಿಲಿಟಿಯೇ ಹೊರಬೇಕು.

ನನ್ನ ತಂಗಿ ಈಗ ಮನೆ ಕಟ್ಟಿಸುತ್ತಿದ್ದಾಳೆ. ಅವಳ ನಕ್ಷೆಯಲ್ಲಿ ಡಕ್ಟನ್ನು ಮೊದಲು ಬರೆಸಿ, ಪ್ರತಿ ಮಹಡಿಯಲ್ಲೂ ಅದಕ್ಕೊಂದು ಪುಟ್ಟ ಬಾಗಿಲು ಇಡಿಸಿದ್ದೇನೆ. ಭಾವ ಮಾತ್ರ ಅಲ್ಲಿ ಶೂ ರ್‍ಯಾಕ್ ಬರುತ್ತದಲ್ಲವೇ ಎಂದು ಇನ್ನೂ ಕೇಳುತ್ತಿದ್ದಾರೆ.